ಮೂರು ರಾತ್ರಿಯ ನೆಲ

ನಮ್ಮ ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿ ಸೌಟು, ಚಮಚ, ಟೀ ಸೋಸುವ ಜರಡಿಗಳ ನಡುವೆ ಒಂದು ದಪ್ಪ ಪ್ಲಾಸ್ಟಿಕ್ ಸಿರಿಂಜು ಬಿದ್ದುಕೊಂಡಿದೆ. ಸೂಜಿಯಿಲ್ಲ, ಮೂತಿ ಮಾತ್ರ ಉದ್ದಕ್ಕೆ, ತುಸು ಬಾಗಿಕೊಂಡಿದೆ. ಮನೆಗೆ ಬಂದವರು ಚಮಚ ಹುಡುಕುತ್ತ ಅದನ್ನು ಕೈಗೆತ್ತಿಕೊಂಡು, "ಇದು ಕೇಕಿನ ಮೇಲೆ ಕ್ರೀಮು ಬಿಡೋದಲ್ವಾ?" ಎಂದು ಕೇಳುತ್ತಾರೆ. ನಾನು "ಹ್ಞೂಂ" ಅಂದುಬಿಡುತ್ತೇನೆ. ಕುರಿಯ ಗಂಟಲಿಗೆ ಜಂತುಹುಳದ ಔಷಧಿ ಬಿಡುವ ಸಾಧನ ಎಂದು ನಿಜ ಹೇಳಿದರೆ ಅವರು ನಮ್ಮ ಮನೆಯ ಕೇಸರಿಬಾತು ಮುಟ್ಟುವುದಿಲ್ಲ. ಕುದಿಯುವ ನೀರಿನಲ್ಲಿ ಮೂರು ಸಲ ಅದ್ದಿ ತೆಗೆದಿದ್ದೇನೆ, ಆಣೆ. ನಾಲ್ಕನೆಯ ಸಲ ಅದ್ದಬೇಕಿತ್ತೇನೋ ಎಂದು ಈಗ ಬರೆಯುವಾಗ ಅನ್ನಿಸುತ್ತಿದೆ.

ನಾನು ಚಿಂತೆ ಮಾಡುವ ಜಾತಿಯವಳು. ಠಾಕುರ್ಲಿಯಲ್ಲಿ ಲೋಕಲ್ ರೈಲು ಹತ್ತಿ ಠಾಣೆ ಸ್ಟೇಷನ್ನಿನಲ್ಲಿ ಬದಲಿಸಿ ಐರೋಳಿಯ ಆಫೀಸು ಸೇರುವಷ್ಟರಲ್ಲಿ ಗ್ಯಾಸು, ಬೀಗ, ಯಜಮಾನರ ಬಿಪಿ, ಮಗಳ ಪರೀಕ್ಷೆ ಎಲ್ಲವನ್ನೂ ಒಂದು ಸುತ್ತು ಮುಗಿಸಿರುತ್ತೇನೆ. ಎಲ್ಲ ಭಯಗಳಿಗೂ ಹಿರಿಯಕ್ಕ ಎಂದರೆ ಹುಳದ ಭಯ. ಹೇನು, ತಿಗಣೆ, ಉಣ್ಣಿ, ಜಂತು, ಹೀಗೆ ಇನ್ನೊಬ್ಬರ ಮೈಮೇಲೆ ಬದುಕುವ ಯಾವುದೇ ಜೀವಿಯ ಹೆಸರು ಕೇಳಿದರೂ ನನಗೆ ಬೆನ್ನು ಕೆರೆಯುತ್ತದೆ.

ಅದು ನಮ್ಮಜ್ಜಿ ಕೊಟ್ಟ ಆಸ್ತಿ. ಬೇಸಿಗೆ ರಜೆ ಬಂತೆಂದರೆ ಮೈಸೂರಿನ ನಮ್ಮ ಮನೆಗೆ ಹಾಸನ, ತುಮಕೂರು, ಭದ್ರಾವತಿಗಳಿಂದ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಬಂದಿಳಿಯುತ್ತಿದ್ದರು. ಅಜ್ಜಿ ಹೊಸಿಲಿನ ಪಕ್ಕ ಸೀರಣಿಗೆ ಹಿಡಿದು ಕೂತಿರುವಳು. ಒತ್ತುಹಲ್ಲಿನ ಆ ಮರದ ಬಾಚಣಿಗೆ ತಲೆಯ ಮೇಲೆ ಆಡಿ, ಹೇನಿಲ್ಲ ಎಂದು ಖಾತ್ರಿಯಾದ ಮೇಲೇ ನಡುಮನೆಗೆ ಪ್ರವೇಶ. ಮರುದಿನ ಬೆಳಿಗ್ಗೆ ಒಂದೊಂದು ಒಳಲೆ ಹರಳೆಣ್ಣೆ. "ಊರು ಬಿಟ್ಟು ಊರಿಗೆ ಬಂದೋರು ಒಬ್ರೇ ಬರಲ್ಲ ಕಣೇ," ಎನ್ನುವಳು. ಒಂದು ವರ್ಷ ಇಷ್ಟೆಲ್ಲ ಮಾಡಿಯೂ ಏಳು ಮಕ್ಕಳೂ ರಜೆ ಮುಗಿಸಿ ತಲೆ ತುಂಬ ಹೇನು ಹೊತ್ತು ಊರು ಸೇರಿದರು. ದೊಡ್ಡಮ್ಮನಿಂದ ಖಾರವಾದ ಕಾಗದ ಬಂತು. ಹೇನಿದ್ದದ್ದು ನನ್ನ ತಲೆಯಲ್ಲಿ. ಎಲ್ಲಿಗೂ ಹೋಗದೆ ವರ್ಷವಿಡೀ ಮನೆಯಲ್ಲೇ ಇದ್ದವಳ ತಲೆ ನೋಡಬೇಕೆಂದು ಅಜ್ಜಿಗೆ ಹೊಳೆದೇ ಇರಲಿಲ್ಲ.

ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಊರೂರು ಅಲೆಯುವ ಸರದಿ ನಮ್ಮದಾಯಿತು. ಇಲ್ಲಿ ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಅಗ್ರಿಮೆಂಟು. ಮೊದಲ ಮನೆಯಲ್ಲಿ ತಿಗಣೆ. ಹನ್ನೊಂದು ತಿಂಗಳು ಮುಗಿದ ದಿನ ಸ್ವಾತಂತ್ರ್ಯ ಬಂದಷ್ಟು ಖುಷಿಯಿಂದ ಟೆಂಪೋಗೆ ಸಾಮಾನು ಹೇರಿದೆವು, ತವರಿನಿಂದ ಬಂದ ಬೀಟೆಮರದ ಮಂಚವನ್ನೂ ಸೇರಿಸಿ. ಹೊಸ ಮನೆಯಲ್ಲಿ ಒಂಬತ್ತು ದಿನ ಸುಖನಿದ್ರೆ. ಹತ್ತನೆಯ ದಿನ ಯಜಮಾನರು ಎದ್ದು ಕೂತು, "ವಸೂ, ಬಂದಿದ್ದಾರೆ," ಎಂದರು. ಬಾಡಿಗೆ ಕೊಟ್ಟವರು ನಾವು, ಟೆಂಪೋ ಸವಾರಿ ಮಾಡಿದವು ಅವು. ಮೂರನೆಯ ಮನೆಗೆ ಹೋಗುವಾಗ ಅತ್ತುಕೊಂಡು ಮಂಚ ಬಿಟ್ಟು ಬಂದೆ. ಕಾಟ ನಿಂತಿತು.

ಈಗ ಪಕ್ಕದ ಠಾಕುರ್ಲಿಯಲ್ಲಿ ಸ್ವಂತ ಮನೆ, ಏಳನೆಯ ಮಹಡಿ. ತಿಗಣೆ ಹತ್ತಲಾರದಷ್ಟು ಎತ್ತರ ಎಂದುಕೊಂಡು ನೆಮ್ಮದಿಯಾಗಿದ್ದೆ. ಆದರೆ ಹೋದ ವರ್ಷ ಏಪ್ರಿಲ್ ಕೊನೆಗೆ ಮಗಳು ಅನಘಾ ಊಟದ ಮೇಜಿನಲ್ಲಿ ಒಂದು ಬಾಂಬು ಹಾಕಿದಳು. ಅವಳು ಠಾಣೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಆಫೀಸಿನ ಕಿಟಕಿಯಿಂದ ಖಾಡಿಯ ಹಿನ್ನೀರಿನಲ್ಲಿ ಕಾಣುವ ಫ್ಲೆಮಿಂಗೊಗಳನ್ನು ನಾನು ಹೊಗಳುತ್ತಿದ್ದೆ. ಎಷ್ಟು ದೂರದಿಂದ ಬರುತ್ತವೆ, ಎಂಥ ಗುಲಾಬಿ ಬಣ್ಣ, ಇತ್ಯಾದಿ.

"ಮಮ್ಮಾ, ಉನ್‌ಕೇ ಪೇಟ್ ಮೇಂ ಟೇಪ್‌ವರ್ಮ್ ಹೋತಾ ಹೈ, ಪತಾ ಹೈ?"

ಆ ಹಕ್ಕಿಯ ಹೊಟ್ಟೆಯಲ್ಲಿ ಲಾಡಿಹುಳ! ತುತ್ತು ಕೈಯಲ್ಲೇ ನಿಂತಿತು. ಇಲ್ಲಿಯದಲ್ಲವಂತೆ, ಯಾವುದೋ ಪರದೇಶದ ಉಪ್ಪುನೀರಿನ ಕಥೆಯಂತೆ. ಅಲ್ಲಿ ಈ ಹುಳದ ಮರಿ ಮೊದಲು ಸಣ್ಣ ಸಿಗಡಿಯ ಹೊಟ್ಟೆ ಸೇರುತ್ತದೆ. ಸೇರಿದ್ದೇ ಆ ಸಿಗಡಿಗೆ ಕೆಂಪು ಬಣ್ಣ ಬರಿಸುತ್ತದೆ, ಮರಿ ಹಾಕದಂತೆ ಮಾಡುತ್ತದೆ, ಗುಂಪುಗೂಡಿಸಿ ನೀರಿನ ಮೇಲ್ಮೈಗೆ ತೇಲಿಸುತ್ತದೆ. ಹಾರಿಬಂದ ಹಕ್ಕಿಗೆ ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ. ಹಕ್ಕಿ ತಿನ್ನುತ್ತದೆ, ಹುಳ ಹಕ್ಕಿಯೊಳಗೆ ಕೂತು ಹಾರಿ ಮುಂದಿನ ಕೆರೆಗೆ ಇಳಿಯುತ್ತದೆ. ಇಷ್ಟು ವರ್ಷ ನಾನು ಹಕ್ಕಿಯನ್ನು ನೋಡಿ ಮರುಳಾಗಿದ್ದೆ. ಪ್ರಯಾಣ ಬೆಳೆಸಿದ್ದು ಯಾರು ಎಂದು ಯೋಚಿಸಿರಲಿಲ್ಲ. ಆ ವಾರವಿಡೀ ಕಿಟಕಿಯ ಕಡೆ ಬೆನ್ನು ಹಾಕಿ ಕೂತೆ.

ಅದೇ ವಾರ ಕುರಿಗಳು ಬಂದವು.

ನಮ್ಮ ಸೊಸೈಟಿಯ ಹಿಂದೆ ಖಾಲಿ ಜಾಗವಿದೆ. ಬಿಲ್ಡರ್ ಎರಡನೆಯ ಹಂತ ಕಟ್ಟುತ್ತೇನೆಂದು ಗುಂಡಿ ತೋಡಿಸಿ ಮಾಯವಾದ ಮೇಲೆ ಅದು ನಮ್ಮ ಕಮಿಟಿಯ ಸುಪರ್ದಿಗೆ ಬಂತು. ಬೆಳಗಿನ ವಾಕಿಂಗಿಗೆ ಹೋದಾಗ ಕಾಂಪೌಂಡಿನ ಆಚೆ ನೂರರ ಮೇಲೆ ಕುರಿಗಳು, ಎರಡು ಕುದುರೆ, ಮೂಟೆ, ಪಾತ್ರೆ, ಜನ. "ಲೇ ಸಿದ್ದೂ, ಆ ಟಗರ ಅಡ್ಡ ಹಾಕಲೇ!" ಎಂದು ಹೆಂಗಸೊಬ್ಬಳು ಕೂಗಿದಳು. ನಾನು ನಿಂತೇಬಿಟ್ಟೆ. ಠಾಕುರ್ಲಿಯಲ್ಲಿ ಕುರಿ ಕಂಡದ್ದಕ್ಕಿಂತ ಕನ್ನಡ ಕೇಳಿದ್ದು ಹೆಚ್ಚಿನ ಅಚ್ಚರಿ.

"ಕನ್ನಡದವರಾ ನೀವು?"

"ಹೌದ್ರೀ ಯಕ್ಕಾ, ಗಡಿ ಮ್ಯಾಲಿನ ಜತ್ತ ಕಡ್ಯಾವ್ರು. ನೀವು?"

"ಮೈಸೂರು."

"ಅಯ್ಯ ಶಿವನ! ಅರಮನ್ಯಾಗ ಇರೂದ್ ಬಿಟ್ಟು ಇಲ್ಲೇನ್ ಮಾಡಾಕ ಹತ್ತೀರಿ?"

ಅವಳೇ ಲಗಮವ್ವ. ಸಿದ್ದು ಅವಳ ಗಂಡ. ಕಂಕುಳಲ್ಲಿ ಎಂಟು ತಿಂಗಳ ಕೂಸು. ಮಾವ ಬೀರಪ್ಪಜ್ಜ ತಲೆಗೆ ಹಳದಿ ರುಮಾಲು ಸುತ್ತಿ ಕೋಲಿಗೆ ಗದ್ದ ಊರಿ ನಿಂತಿದ್ದರು. ದೀಪಾವಳಿ ಕಳೆದ ಮೇಲೆ ಘಾಟ ಇಳಿದು ಕೊಂಕಣದ ಕೊಯ್ದ ಗದ್ದೆಗಳಲ್ಲಿ ಕುರಿ ತರುಬುತ್ತಾರೆ. ಎಂದರೆ, ರಾತ್ರಿ ಹೊಲದಲ್ಲಿ ಕುರಿ ಕೂಡಿ ಗೊಬ್ಬರ ಬೀಳಿಸಿ ರೈತನಿಂದ ಕಾಳು ಪಡೆಯುತ್ತಾರೆ. ಮಳೆಗೆ ಮೊದಲು ಖೋಪೋಲಿಯ ಕಡೆಯಿಂದ ಘಾಟ ಹತ್ತಿ ಒಣಸೀಮೆಗೆ ವಾಪಸು.

"ಒಂದ್ ಕಡೆ ಎಷ್ಟು ದಿನ ಇರ್ತೀರಿ ಅಜ್ಜಾ?"

"ಮೂರ್ ರಾತ್ರಿ. ಮೂರ್ ರಾತ್ರಿ ಆದ್ ಮ್ಯಾಲ ನೆಲ ನಮ್ಮದಲ್ಲ ತಾಯಿ, ಹುಳದ್ದು."

ಎಂಥ ಮಾತು ಎಂದು ಬೆರಗಾದೆ, ಆದರೆ ಅರ್ಥ ಕೇಳಲಿಲ್ಲ. ಹುಳ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ಬುದ್ಧಿ ಬಾಗಿಲು ಹಾಕಿಕೊಳ್ಳುತ್ತದೆ.

ಎರಡನೆಯ ದಿನ ಕೂಸಿಗೆ ಜ್ವರ, ಉಬ್ಬಸ. ನಾನೇ ರಿಕ್ಷಾದಲ್ಲಿ ಡೊಂಬಿವಲಿಯ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದೆ. ಪುಪ್ಪುಸದಲ್ಲಿ ಕಫ ಕಟ್ಟಿದೆ, ಒಂದು ತಿಂಗಳು ಬಿಸಿಲಿನಲ್ಲಿ ತಿರುಗಿಸಬೇಡಿ, ಎರಡು ಮೂರು ದಿನಕ್ಕೊಮ್ಮೆ ತೋರಿಸಿ ಎಂದರು. ಮರಳುವಾಗ ಲಗಮವ್ವ ರಿಕ್ಷಾದಲ್ಲಿ ಒಂದೇ ಮಾತಾಡಿದ್ದು: "ಇದರ ಮುಂಚಿನ ಕೂಸು ದಾರ್ಯಾಗ ಹೋತ್ರೀ ಯಕ್ಕಾ."

ನನ್ನ ಚಿಂತೆಗೆ ಅಷ್ಟು ಸಾಕಾಯಿತು. ಆ ಸಂಜೆಯೇ ಸೆಕ್ರೆಟರಿ ಕುಲಕರ್ಣಿಯವರ ಮನೆ ಬಾಗಿಲು ಬಡಿದೆ. "ಅಹೋ ಮ್ಯಾಡಮ್, ಮೇಂಢ್ಯಾ? ಆಪಲ್ಯಾ ಸೊಸಾಯಟೀತ್?" ಎಂದು ಅವರು ಕನ್ನಡಕ ತೆಗೆದರು, ನಮ್ಮ ಸೊಸೈಟಿಯಲ್ಲಿ ಕುರಿಗಳೇ ಎಂದು. ಕುರಿಗಳೆಂದರೆ ಹುಲ್ಲು ಕತ್ತರಿಸುವ ಯಂತ್ರ, ಗೊಬ್ಬರವೂ ಉಚಿತ, ಹಾವಿನ ಕಾಟ ತಪ್ಪುತ್ತದೆ ಎಂದು ವಾದಿಸಿದೆ. ಕುರಿಗೂ ಹಾವಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿಯದು. ಕಮಿಟಿ ಒಪ್ಪಿತು. ಒಂದು ತಿಂಗಳು ಖಾಲಿ ಜಾಗ ಅವರದು. ಗುಂಡಿಯಲ್ಲಿ ನೀರು, ಒಡೆದ ಪೈಪಿನ ಪಕ್ಕ ಮೇ ತಿಂಗಳಲ್ಲೂ ಮೊಣಕಾಲೆತ್ತರದ ಹಸಿರು ಹುಲ್ಲು. ಕುರಿಯಾಗಿ ಹುಟ್ಟಿದ್ದರೆ ನಾನೇ ಅಲ್ಲಿ ಮನೆ ಮಾಡುತ್ತಿದ್ದೆ.

ಬೀರಪ್ಪಜ್ಜ ಮಾತ್ರ ತಲೆಯಾಡಿಸಿದರು. "ಬ್ಯಾಡ್ ತಾಯಿ. ಇಷ್ಟ ಹಸರ ಐತೆಲ್ಲಾ, ಅದಕ್ಕ ನನಗ ಅಂಜಿಕಿ."

"ಅಯ್ಯೋ ಅಜ್ಜಾ, ಇದೆಲ್ಲ ಹಳೇ ಕಾಲದ ನಂಬಿಕೆ. ಕೂಸಿನ ಮುಖ ನೋಡಿ."

ಮುದುಕರು ಕೂಸಿನ ಮುಖ ನೋಡಿದರು. ಆಮೇಲೆ ನಮ್ಮ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ನಿಮ್ಮ ಮನ್ಯಾಗ ಎಷ್ಟ ಕೋಲಿ ಅದಾವ್ರಿ?" ಎಂದರು. "ಮೂರು ರೂಮಿದೆ," ಎಂದೆ. ಅವರು ಹೌದೌದು ಎಂಬಂತೆ ಗೋಣು ಹಾಕಿ, ಸಿದ್ದುವಿಗೆ ಬೇಲಿಯ ಗೂಟ ಹೂಳಲು ಹೇಳಿದರು.

ಮೇ ಕಳೆಯಿತು. ಕೂಸು ಹಾಲು ಕುಡಿಯತೊಡಗಿತು, ಆಮೇಲೆ ನಗತೊಡಗಿತು. ನಾನು ದಿನಾ ಸಂಜೆ ತಿಳಿಸಾರು, ಅನ್ನ ಕೊಟ್ಟು ಬರುತ್ತಿದ್ದೆ. ಲಗಮವ್ವ ಸಾರು ಸುರಿದುಕೊಂಡು, "ಇದು ಸಾರೇನ್ರೀ ಯಕ್ಕಾ, ಕೈ ತೊಳಿಯೂ ನೀರೇನ್ರಿ?" ಎನ್ನುವಳು. ಸೊಸೈಟಿಯ ಮಕ್ಕಳು ಕುರಿಮರಿಗಳ ಜೊತೆ ಫೋಟೊ ತೆಗೆಸಿಕೊಂಡರು. ಗ್ರೂಪಿನಲ್ಲಿ ಯಾರೋ ನನಗೆ ಕೈಮುಗಿದ ಚಿತ್ರ ಹಾಕಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಚಿಂತೆಯಿಂದ ಯಾರಿಗೋ ಉಪಕಾರವಾಗಿದೆ ಎಂದು ಬೀಗುತ್ತಿದ್ದೆ.

ಜೂನ್ ಮೊದಲ ವಾರ ಎರಡು ಮಳೆ ಬಿತ್ತು. ಒಂದು ಬೆಳಿಗ್ಗೆ ಹೋದರೆ ಬೀರಪ್ಪಜ್ಜ ಕುರಿಯೊಂದನ್ನು ಮಂಡಿಗಳ ನಡುವೆ ಹಿಡಿದು ಅದರ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಒಳಗೆ ಕೆಂಪಗಿರಬೇಕಾದದ್ದು ಕಾಗದದ ಹಾಗೆ ಬಿಳುಪು. ಗದ್ದದ ಕೆಳಗೆ ಚೀಲ ಕಟ್ಟಿದಂತೆ ನೀರು ತುಂಬಿ ಜೋತಾಡುತ್ತಿತ್ತು. ಅವರು ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದರು, ಮತ್ತೊಂದನ್ನು ಹಿಡಿದರು. ಬೇಲಿಯ ಮೂಲೆಯಲ್ಲಿ ಮೂರು ಕುರಿ ಸತ್ತು ಬಿದ್ದಿದ್ದವು.

ಕಲ್ಯಾಣದ ಕಡೆಯಿಂದ ಪಶುವೈದ್ಯರೊಬ್ಬರನ್ನು ಯಜಮಾನರು ಹೇಗೋ ಕರೆತಂದರು. ಅವರು ಸತ್ತ ಕುರಿಯೊಂದರ ಹೊಟ್ಟೆ ಸೀಳಿ, "ಯಾ, ಬಘಾ," ಎಂದು ನನ್ನನ್ನೇ ಕರೆದರು. ನೋಡಬಾರದಿತ್ತು, ನೋಡಿದೆ. ಜಠರದ ಗೋಡೆಯ ತುಂಬ ಕೆಂಪು ಬಿಳಿ ಹುರಿಹೊಸೆದ ದಾರದ ಚೂರುಗಳು. ಅಲುಗಾಡುತ್ತಿದ್ದವು. ಸಾವಿರಾರು. ಒಂದೊಂದೂ ರಕ್ತ ಹೀರುವಂಥದು.

"ಹೀ ಮಾಣಸಂ ಕಧೀ ಥಾಂಬತ್ ನಾಹೀತ್," ಎಂದರು ವೈದ್ಯರು, ಕೈ ತೊಳೆಯುತ್ತ. "ಯಾಂನಾ ಥಾಂಬವ್ಲಂ ಕುಣೀ?"

ಈ ಜನ ಎಂದೂ ನಿಲ್ಲುವವರಲ್ಲ, ಇವರನ್ನು ನಿಲ್ಲಿಸಿದವರು ಯಾರು? ಯಾರೂ ನನ್ನ ಕಡೆ ಬೆರಳು ತೋರಲಿಲ್ಲ. ಲಗಮವ್ವ ಕೂಸಿನ ಕುಲಾವಿ ಸರಿಮಾಡುತ್ತಿದ್ದಳು.

ವೈದ್ಯರು ಬಿಡಿಸಿ ಹೇಳಿದರು. ಯಾವ ಕುರಿಯ ಹೊಟ್ಟೆಯಲ್ಲೂ ಒಂದಿಷ್ಟು ಹುಳ ಇದ್ದೇ ಇರುತ್ತದೆ. ಹಿಕ್ಕೆಯ ಜೊತೆ ಮೊಟ್ಟೆ ನೆಲಕ್ಕೆ ಬೀಳುತ್ತದೆ. ನೆಲ ತೇವವಿದ್ದರೆ ಐದಾರು ದಿನಕ್ಕೆ ಮರಿಯಾಗಿ ಹುಲ್ಲಿನ ಎಸಳು ಹತ್ತಿ ಕುರಿಯ ಬಾಯಿಗಾಗಿ ಕಾಯುತ್ತದೆ. ಅಷ್ಟರಲ್ಲಿ ಕುರಿ ಎದ್ದುಹೋಗಿರುತ್ತದೆ. ಹುಳ ಕಾದು ಕಾದು ಬಿಸಿಲಿಗೆ ಒಣಗಿ ಸಾಯುತ್ತದೆ. ಮೂರು ರಾತ್ರಿಯ ಲೆಕ್ಕವೆಂದರೆ ಇದು. ಪುಸ್ತಕ ಓದದವರು ಹುಳಕ್ಕಿಂತ ಎರಡು ದಿನ ಮುಂದೆ ನಡೆಯುತ್ತ ಬಂದಿದ್ದಾರೆ. ಮಳೆಗೆ ಮೊದಲು ಘಾಟ ಹತ್ತುವುದೂ ಅದಕ್ಕೇ; ಒದ್ದೆ ಸೀಮೆಯನ್ನು ಹುಳಕ್ಕೆ ಬಿಟ್ಟು ಒಣಸೀಮೆಗೆ ಓಡುವುದು. ನಾನು ಆ ಓಟವನ್ನು ನಿಲ್ಲಿಸಿ, ಹಸಿರು ಹುಲ್ಲು ಹಾಸಿ, ಕಮಿಟಿಯ ಠರಾವು ಮಾಡಿಸಿ, ಐದು ವಾರ ಕುರಿಗಳಿಗೆ ಅವುಗಳದೇ ಹುಳವನ್ನು ಮರಳಿ ಮರಳಿ ತಿನ್ನಿಸಿದ್ದೆ.

"ಮಮ್ಮಾ, ತಿತಲಿಯೋಂ ಕೇ ಸಾಥ್ ಭೀ ಐಸಾ ಹೀ ಹುವಾ," ಎಂದು ಆ ಸಂಜೆ ಅನಘಾ ಮೆಲ್ಲಗೆ ಹೇಳಿದಳು. ಎಲ್ಲೋ ವಲಸೆ ಹೋಗುವ ಚಿಟ್ಟೆಗಳಿಗೆಂದು ಒಳ್ಳೆಯ ಮನಸ್ಸಿನವರು ತೋಟದಲ್ಲಿ ವರ್ಷವಿಡೀ ಹಸಿರಾಗಿರುವ ಗಿಡ ನೆಟ್ಟರಂತೆ. ಕೆಲವು ಚಿಟ್ಟೆಗಳು ಹೋಗುವುದನ್ನೇ ಬಿಟ್ಟವಂತೆ. ಹೋಗದೆ ಉಳಿದವಕ್ಕೇ ರೋಗ ಜಾಸ್ತಿಯಂತೆ. ಒಳ್ಳೆಯ ಮನಸ್ಸಿನವರು ಎಂದು ಅವಳು ಹೇಳುವಾಗ ನಾನು ಗೋಡೆ ನೋಡುತ್ತಿದ್ದೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೂ ಬಾಕಿಯಿತ್ತು. ಯಜಮಾನರು ಟವೆಲ್ಲು ಮಡಿಸುತ್ತ, ಬೈಯುವ ಉದ್ದೇಶವೇನೂ ಇಲ್ಲದೆ, "ಅಲ್ಲ ವಸೂ, ಹುಷಾರಿಲ್ಲದೇ ಇದ್ದದ್ದು ಕೂಸಿಗೆ ತಾನೆ? ತಾಯಿ ಮಗೂನ ಅನಘಾ ರೂಮಲ್ಲಿ ಒಂದು ತಿಂಗಳು ಇಟ್ಕೊಂಡಿದ್ರೆ ಕುರಿ ಅದರ ಪಾಡಿಗೆ ಹೋಗ್ತಿತ್ತಲ್ವೆ?" ಎಂದರು.

ನಿಜ ಹೇಳುತ್ತೇನೆ, ನನಗೆ ಅದು ಹೊಳೆದಿತ್ತು. ಡಾಕ್ಟರ ಹತ್ತಿರದಿಂದ ಬರುವಾಗ ರಿಕ್ಷಾದಲ್ಲೇ ಹೊಳೆದಿತ್ತು. ಪಕ್ಕದಲ್ಲಿ ಲಗಮವ್ವನ ಕಂಬಳಿ ನನ್ನ ತೋಳಿಗೆ ತಾಗುತ್ತಿತ್ತು. ಕುರಿಯ ಉಣ್ಣಿ, ಹೇನು, ಇನ್ನೇನಿದೆಯೋ ಎಂದು ಸರಿದು ಕೂತಿದ್ದೆ. ಮನೆಗೆ ಬಂದು ಸೀರೆಯನ್ನು ಬಿಸಿನೀರಿಗೆ ಹಾಕಿ, ಆಮೇಲೆ ಕುಲಕರ್ಣಿಯವರ ಮನೆಗೆ ಹೊರಟಿದ್ದೆ. ಇಡೀ ಸೊಸೈಟಿಯ ಜಾಗ ಕೊಡಿಸುವುದು ನನಗೆ ಒಂದು ಕೋಣೆ ಕೊಡುವುದಕ್ಕಿಂತ ಸುಲಭವಾಗಿತ್ತು. ಎಷ್ಟು ಕೋಲಿ ಎಂದು ಮುದುಕರು ಕೇಳಿದ್ದು ಕುತೂಹಲಕ್ಕಲ್ಲ. ಒಂದು ಹೇನಿನ ಹೆದರಿಕೆಗೆ ನೂರು ಕುರಿಗಳ ಹೊಟ್ಟೆ ತುಂಬ ಹುಳ ತುಂಬಿಸಿದವಳು ನಾನು ಎಂದು ಅರಿವಾಯಿತು.

ಮರುದಿನ ಆಫೀಸಿಗೆ ರಜೆ. ಬೆಳಿಗ್ಗೆಯಿಂದ ಔಷಧಿ. ಸಿದ್ದು ಕುರಿ ಹಿಡಿಯುವುದು, ನಾನು ಬಾಯಿ ಅಗಲಿಸುವುದು, ಯಜಮಾನರು ಸಿರಿಂಜು ಒತ್ತುವುದು. ನನ್ನ ಮೊಣಕೈವರೆಗೆ ಜೊಲ್ಲು, ಉಗುರಿನಲ್ಲಿ ಹಿಕ್ಕೆ. ಒಂದು ಟಗರು ಕೆಮ್ಮಿ ಔಷಧಿಯನ್ನೆಲ್ಲ ನನ್ನ ಮುಖಕ್ಕೆ ಉಗಿಯಿತು. "ಯಕ್ಕಾಗೂ ಒಂದ್ ಡೋಸ್ ಆತು," ಎಂದು ಲಗಮವ್ವ ನಕ್ಕಳು. ಅವಳು ಇನ್ನೂ ನಗಬಲ್ಲಳು ಎಂಬುದೇ ನನಗೆ ಆಘಾತ.

ಸಂಜೆಯೊಳಗೆ ಹೊರಡಲೇಬೇಕು, ಈ ನೆಲದಲ್ಲಿ ಇನ್ನೊಂದು ದಿನ ಬೇಡ ಎಂದಿದ್ದರು ವೈದ್ಯರು. ಆದರೆ ಹನ್ನೊಂದು ಕುರಿ ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಅವನ್ನು ಟೆಂಪೋದಲ್ಲಿ ಘಾಟದ ಮೇಲಿನವರೆಗೆ ಕಳಿಸುತ್ತೇನೆ ಎಂದು ಅಂಗಲಾಚಿದೆ.

"ಬ್ಯಾಡ್ ತಾಯಿ," ಎಂದರು ಬೀರಪ್ಪಜ್ಜ. "ನಡೀಲಾರದ್ದು ಹಿಂದ ಉಳೀಬೇಕು. ಗಾಡ್ಯಾಗ ಹಾಕಿದ್ರ ಅದರ ಹೊಟ್ಟಿ ಒಳಗಿಂದೂ ಮ್ಯಾಲ ಬರತೈತಿ. ಘಾಟ ಹತ್ತೂದು ಅಂದ್ರ ಸುಮ್ಮನ ಹತ್ತೂದಲ್ಲ."

ತಿಗಣೆಯ ಟೆಂಪೋ ಕಂಡವಳಿಗೆ ಇದನ್ನು ಇನ್ನೊಬ್ಬರು ಹೇಳಬೇಕಾಯಿತು. ಸಂಜೆ ಕಲ್ಯಾಣದಿಂದ ಕಟುಕರ ವ್ಯಾನು ಬಂತು. ಹನ್ನೊಂದರಲ್ಲಿ ಒಂದು, ತಾಯಿ ಸತ್ತಾಗ ಲಗಮವ್ವ ಬಾಟಲಿಯಲ್ಲಿ ಹಾಲೂಡಿಸಿ ಬೆಳೆಸಿದ ಬಿಳಿಕಿವಿಯ ಹೆಣ್ಣು. ಅದನ್ನು ಎತ್ತಿ ಹಾಕುವಾಗ ಅವಳು ನೋಡಲಿಲ್ಲ. ಕುದುರೆಯ ಮೇಲೆ ಮೂಟೆ ಬಿಗಿಯುತ್ತಲೇ ಇದ್ದಳು. ಬಿಗಿದ ಗಂಟನ್ನೇ ಬಿಚ್ಚಿ ಮತ್ತೆ ಬಿಗಿದಳು. ನಾನು ಹತ್ತಿರ ಹೋಗಿ, "ಲಗಮವ್ವಾ, ನಾನು..." ಎಂದೆ.

"ಕೂಸು ಉಳೀತಲ್ರೀ ಯಕ್ಕಾ," ಎಂದಳು. ಕ್ಷಮಿಸಿದಳೋ, ಬಾಯಿ ಮುಚ್ಚಿಸಿದಳೋ ತಿಳಿಯಲಿಲ್ಲ. ಖಾಡಿಯ ಕಡೆಯಿಂದ ಮೋಡ ಕಪ್ಪಾಗಿ ಏರುತ್ತಿತ್ತು. ಮಂದೆ ರಸ್ತೆಗಿಳಿಯಿತು. ರಿಕ್ಷಾಗಳು ಹಾರನ್ ಹೊಡೆದವು.

ಮುಂದಿನ ಎರಡು ತಿಂಗಳು ನನ್ನ ಚಿಂತೆಗಳೆಲ್ಲ ಒಂದೇ ಚಿಂತೆಯಾಗಿ ಕೂತವು. ಲೋಕಲಿನಲ್ಲಿ ಮುಂಬ್ರಾ ದಾಟುವಾಗ ಗುಡ್ಡ ಕಂಡರೂ ಸಾಕು, ಹತ್ತಿದವೋ ಇಲ್ಲವೋ. ಸಿದ್ದುವಿನ ಫೋನು ಸದಾ ಸ್ವಿಚ್ ಆಫ್.

ಆಗಸ್ಟಿನಲ್ಲಿ ಒಂದು ಸಂಜೆ ಅದೇ ನಂಬರಿನಿಂದ ಕರೆ.

"ಯಕ್ಕಾ, ಕೂಸು ಹೆಜ್ಜಿ ಇಡತೈತಿ!"

"ಕುರಿ? ಲಗಮವ್ವಾ, ಕುರಿಗಳು?"

"ಹತ್ತಿದ್ವು ಯಕ್ಕಾ, ಘಾಟ ಹತ್ತಿದ್ವು."

"ಎಲ್ಲಾನೂ?"

"ಎಲ್ಲಾ ಹೆಂಗ ಹತ್ತತಾವ್ರಿ. ಖೋಪೋಲಿ ದಾಟಿದ ಮ್ಯಾಲ ನಾಕು ಬಿದ್ವು. ಉಳದಾವು ಈಗ ಆರಾಮ ಅದಾವ. ಕಣ್ಣಾಗ ಕೆಂಪ ಬಂದೈತಿ." ಆಚೆ ಏನೋ ಗುಸುಗುಸು. "ತಡೀರಿ, ಮಾವ ಮಾತಾಡತಾರಂತ."

ಗಂಟಲು ಸರಿಮಾಡಿಕೊಂಡ ಸದ್ದು. "ತಾಯಿ, ದೀಪಾವಳಿ ಆದ್ ಮ್ಯಾಲ ಇಳೀತೀವಿ. ಕುರಿ ನಿಮ್ಮ ಜಾ‌ಗಾಕ್ಕ ತರಂಗಿಲ್ಲ."

"ಬೇಡಿ ಅಜ್ಜಾ, ದಯವಿಟ್ಟು ಬೇಡಿ."

"ಕುರಿ ನಾವು ಮುಂದ ಹೊಡಕೊಂಡ ಹೋಗತೀವಿ. ಥಂಡಿ ಮುಗಿಯೂತನಕ ಸೊಸಿ, ಮೊಮ್ಮಗ ನಿಮ್ಮ ಮನ್ಯಾಗ ಇರತಾರ. ಆಗತೈತ್ಯೋ ಇಲ್ಲೋ, ಈಗ ಹೇಳ್ರಿ."

ಹೋದ ಸಲ ಕೇಳದೆ ಬಿಟ್ಟದ್ದನ್ನು ಮುದುಕರು ಈ ಸಲ ಬಾಯಿಬಿಟ್ಟೇ ಕೇಳಿದ್ದರು.

"ಆಗುತ್ತೆ ಅಜ್ಜಾ," ಎಂದೆ. ಥಂಡಿ ಎಂದಿಗೆ ಮುಗಿಯುತ್ತದೆ ಎಂದು ಕೇಳಲಿಲ್ಲ. ಏನೇನು ತರುತ್ತಾರೆ ಎಂದೂ ಕೇಳಲಿಲ್ಲ.

ಆ ಭಾನುವಾರ ಯಜಮಾನರು ಸ್ಟೂಲು ಹತ್ತಿ, ಅನಘಾಳ ಕೋಣೆಯ ಸೂರಿನ ಕೊಂಡಿಗೆ ನನ್ನ ಹಳೆಯ ಸೀರೆಯೊಂದನ್ನು ಕಟ್ಟಿ, ಅದು ಜೋಲಿ ತಡೆಯುತ್ತದೆಯೇ ಎಂದು ತಾವೇ ಜೋತುಬಿದ್ದು ನೋಡಿದರು. ತಡೆಯಿತು.